ನಕ್ಷೆಯಲ್ಲಿ ಮುಚ್ಚಿಹೋದ ಅಂಗಡಿ

ನನ್ನ ಔಷಧಿ ಅಂಗಡಿಯ ಪಕ್ಕದಲ್ಲೇ ಮಹಡಿಗೆ ಹೋಗುವ ಮೆಟ್ಟಿಲು. ಆ ಮೆಟ್ಟಿಲಿನ ಕೆಳಗೆ ಇಳಿಜಾರಾಗಿ ಉಳಿದ ಸಂದಿಯಲ್ಲಿ ಬೀಗದಕ್ಕನ ಅಂಗಡಿಯಿತ್ತು. ಸ್ವಲ್ಪ ಎತ್ತರದವರು ಒಳಗೆ ಕಾಲಿಟ್ಟರೆ ತಲೆ ಬಡಿಯಲೇಬೇಕು. ಗೋಡೆಯ ತುಂಬ ಮೊಳೆ, ಮೊಳೆಗೊಂದು ಗೊಂಚಲು ಇನ್ನೂ ಹಲ್ಲು ಮೂಡದ ಕೀಲಿಗಳು, ಮೂಲೆಯಲ್ಲಿ ಕೀಲಿ ಕೊರೆಯುವ ಯಂತ್ರ. ಅದು ಶುರುವಾದರೆ ಸಾಕು, ನನ್ನ ಕಪಾಟಿನ ಸಿರಪ್ ಬಾಟಲಿಗಳು ಸಣ್ಣಗೆ ನಡುಗುತ್ತಿದ್ದವು.

"ಡಾಕ್ಟ್ರೇ, ನಿಮ್ಮ ಔಷಧೀನ ಕುಲುಕಿ ಕೊಡೋ ಕೆಲಸ ನಂದು," ಎಂದು ಅವಳು ಅತ್ತಲಿಂದ ಕೂಗುತ್ತಿದ್ದಳು. ನಾನು ಡಾಕ್ಟರಲ್ಲ, ಮಾತ್ರೆ ಮಾರುವವನು ಎಂದು ಎಷ್ಟು ಹೇಳಿದರೂ ಅದು ಅವಳ ಕಿವಿಗೆ ಬೀಳಲಿಲ್ಲ.

ಕಸುಬು ಅಪ್ಪನದು. ಅಪ್ಪ ಕಲಿಸಲು ಹೊರಟದ್ದು ಮಗನಿಗೆ. ಮಗನಿಗೆ ಕೈ ಬೆವರುತ್ತಿತ್ತು. ಹಿಡಿದ ತಂತಿ ಜಾರುತ್ತಿತ್ತು, ಅದಕ್ಕೂ ಮೊದಲು ತಾಳ್ಮೆ ಜಾರುತ್ತಿತ್ತು. ಮಧ್ಯಾಹ್ನ ಬುತ್ತಿ ತರುತ್ತಿದ್ದ ಮಗಳು ಪಕ್ಕದಲ್ಲಿ ಕೂತು ನೋಡುನೋಡುತ್ತಲೇ ಕಲಿತುಬಿಟ್ಟಳು. ಅಪ್ಪ ತೀರಿಕೊಂಡ ಮೇಲೆ ಅಂಗಡಿ ಅವಳದಾಯಿತು. ಸ್ಕೂಟರಿನಲ್ಲಿ ತಿರುಗಿ ಹೊಸ ಬೀಗ ಕೂರಿಸುವ ಕೆಲಸವನ್ನು ತಮ್ಮ ನೋಡಿಕೊಂಡ. ಅವನಿಗೆ ಮದುವೆಯಾಯಿತು, ಎರಡು ಮಕ್ಕಳಾದವು. ಅವಳ ಮದುವೆಯ ಮಾತು ಬಂದಾಗಲೆಲ್ಲ, "ಗಂಡನ ಮನೆ ಬಾಗಿಲು ಒಳಗಿಂದ ತೆಗೀಬೇಕೋ ಹೊರಗಿಂದ ತೆಗೀಬೇಕೋ, ಅದು ಗೊತ್ತಾಗ್ಲಿ ತಡೀರಿ," ಎಂದು ನಗಿಸಿ ಜಾರಿಕೊಳ್ಳುತ್ತಿದ್ದಳು. ಕೊನೆಗೆ ಕೇಳುವವರೂ ಸುಮ್ಮನಾದರು. ಅಕ್ಕ, ತಮ್ಮ, ತಮ್ಮನ ಹೆಂಡತಿ, ಮಕ್ಕಳು, ಎಲ್ಲರೂ ಅದೇ ಕಟ್ಟಡದ ಮೇಲಿನ ಎರಡು ಕೋಣೆಗಳಲ್ಲಿದ್ದರು.

ಅವಳಿಗೊಂದು ಹಟವಿತ್ತು. ಮನೆ ಯಾರದು ಎಂದು ಅಕ್ಕಪಕ್ಕದವರನ್ನು ವಿಚಾರಿಸದೆ ಬಾಗಿಲಿಗೆ ಕೈ ಹಚ್ಚುತ್ತಿರಲಿಲ್ಲ. ಒಮ್ಮೆ ಸೂಟು ತೊಟ್ಟ ಒಬ್ಬ ದೊಡ್ಡ ಮನುಷ್ಯ ತನ್ನದೇ ಮನೆಯ ಹೊರಗೆ ಸಿಕ್ಕಿಬಿದ್ದಿದ್ದ. ಹೊಸದಾಗಿ ಬಂದವನು, ಎದುರುಮನೆಯ ಅಜ್ಜಿ "ಇವನ ಮುಖಾನೇ ನೋಡಿಲ್ಲ" ಎಂದುಬಿಟ್ಟಳು. ಅಡುಗೆಮನೆಯಲ್ಲಿ ಏನೇನಿದೆ ಹೇಳಿ ನೋಡೋಣ ಎಂದಳು ಬೀಗದಕ್ಕ. ಅವನು ರೇಗಿ, "ಒಲೆ ಇದೆ!" ಎಂದ. "ಒಲೆ ಯಾರ ಮನೇಲಿಲ್ಲ ಸ್ವಾಮಿ? ಬೇರೆ ಹೇಳಿ." ಅವನು ಬೆವರುತ್ತಾ, ಕಿಟಕಿಯ ಹತ್ತಿರ ಹೆಂಡತಿಗೆ ಗೊತ್ತಾಗದ ಹಾಗೆ ಬಚ್ಚಿಟ್ಟ ಸಿಗರೇಟಿನ ಡಬ್ಬಿಯ ಗುಟ್ಟನ್ನು ಅಜ್ಜಿಯ ಎದುರಿಗೇ ಒಪ್ಪಿಕೊಳ್ಳಬೇಕಾಯಿತು. ಬಾಗಿಲು ತೆಗೆದಳು, ಡಬ್ಬಿಯನ್ನು ಕಣ್ಣಾರೆ ನೋಡಿದಳು, ಆಮೇಲೆ ನಕ್ಕಳು. ಆ ಮನುಷ್ಯ ಮುಂದೆ ಇಡೀ ಕಚೇರಿಯ ಬೀಗಗಳನ್ನು ಇವಳಿಂದಲೇ ಹಾಕಿಸಿದ.

ಒಂಟಿ ಹೆಂಗಸರಂತೂ ಅವಳನ್ನು ಬಿಟ್ಟು ಬೇರೆಯವರನ್ನು ಮನೆಯೊಳಗೆ ಬಿಡುತ್ತಿರಲಿಲ್ಲ.

ಫೋನಿನಲ್ಲಿ ನಕ್ಷೆ ಬಂದ ಕಾಲಕ್ಕೆ ನಾವೆಲ್ಲ ಖುಷಿಪಟ್ಟವರೇ. ಬೀಗದಕ್ಕನ ತಮ್ಮ ಅಂಗಡಿಯ ಫೋಟೋ ತೆಗೆದು ನಕ್ಷೆಗೆ ಹಾಕಿದ. ನನ್ನದನ್ನೂ ಅವನೇ ಹಾಕಿಕೊಟ್ಟ. ಬಿಟ್ಟಿ ಸೇವೆ. ಊರಿನ ಆ ತುದಿಯಿಂದೆಲ್ಲ ಬೀಗದಕ್ಕನಿಗೆ ಕರೆ ಬರತೊಡಗಿತು. ಜನ ಮೆಚ್ಚುಗೆಯ ಚುಕ್ಕಿ ಕೊಟ್ಟರು, ನಾಲ್ಕು ಒಳ್ಳೆ ಮಾತು ಬರೆದರು. ಅವಳು ಅದನ್ನು ಓದಿಸಿಕೊಂಡು, "ಅಪ್ಪ ಇದ್ದಿದ್ರೆ ಇದಕ್ಕೊಂದು ಕಟ್ಟು ಹಾಕ್ಸಿ ಗೋಡೆಗೆ ನೇತು ಹಾಕೋರು," ಎಂದಳು. ಹಳೆಯ ದೂರವಾಣಿ ಪುಸ್ತಕ ನಿಂತುಹೋಯಿತು, ಊರಿನ ಜಾಹೀರಾತು ಪತ್ರಿಕೆಯೂ ನಿಂತುಹೋಯಿತು. ಬೀಗದವರು ಬೇಕೆಂದರೆ ಜನ ನೋಡುವ ಜಾಗ ಒಂದೇ ಉಳಿಯಿತು. ಅದು ಒಂದೇ ಉಳಿದ ಮೇಲೆ ನಕ್ಷೆಯ ಕಂಪನಿಯ ವರಸೆ ಬದಲಾಯಿತು.

ಮೊದಲು ನಕ್ಷೆಯ ಮೇಲ್ಭಾಗದಲ್ಲಿ 'ಭರವಸೆಯ ಕೆಲಸಗಾರರು' ಎಂಬ ಹಸಿರು ಪಟ್ಟಿ ಬಂತು. ಅದು ಕಂಪನಿಯದೇ ಸೇವೆ. ಅದಕ್ಕೆ ಸೇರಿದವರು ಪ್ರತಿ ಕೆಲಸದಲ್ಲೂ ಕಂಪನಿಗೆ ಪಾಲು ಕೊಡಬೇಕು, ಅದು ಹೇಳಿದ ದರಕ್ಕೆ ದುಡಿಯಬೇಕು, ಅದು ಕೊಟ್ಟ ಜಾಕೆಟ್ಟು ತೊಡಬೇಕು. ಸೇರದವರು ಕೆಳಗೆ ಜಾರಿದರು. ಆಮೇಲೆ ಇವಳ ಹೆಸರನ್ನೇ ಹೋಲುವ ಅಂಗಡಿಗಳು ನಕ್ಷೆಯಲ್ಲಿ ಹುಟ್ಟಿಕೊಂಡವು. ಒಂದು ಪಾಳು ಗೋಡೌನಿನ ಮೇಲೆ, ಇನ್ನೊಂದು ಕೆರೆಯ ನಟ್ಟನಡುವೆ. ಅಲ್ಲಿಗೆ ಕರೆ ಮಾಡಿದರೆ ಎಲ್ಲಿಯವರೋ ಎತ್ತುತ್ತಿದ್ದರು, ಯಾರೋ ಬಂದು ಒಳ್ಳೆಯ ಬೀಗವನ್ನೇ ಡ್ರಿಲ್ ಹಾಕಿ ಒಡೆದು ಹೋಗುತ್ತಿದ್ದರು. ಬೈಯಲು ಮಾತ್ರ ಜನ ಸರಿಯಾಗಿ ಮೆಟ್ಟಿಲಿನ ಕೆಳಗೇ ಬರುತ್ತಿದ್ದರು.

"ನಾನಲ್ಲ ತಾಯಿ, ನಾನು ಇಲ್ಲೇ ಕೂತಿದ್ದೆ. ಬೇಕಾದ್ರೆ ಡಾಕ್ಟ್ರನ್ನ ಕೇಳಿ," ಎನ್ನುತ್ತಿದ್ದಳು. ನಾನು ಸಾಕ್ಷಿ ಹೇಳುತ್ತಿದ್ದೆ. ಬೈದವರು ಹೋಗುತ್ತಿದ್ದರು, ನಕ್ಷೆಯಲ್ಲಿ ಬರೆದ ಬೈಗುಳ ಹೋಗುತ್ತಿರಲಿಲ್ಲ.

ಕಂಪನಿಗೆ ಅವಳ ತಮ್ಮ ದೂರು ಕೊಟ್ಟ. ಅಲ್ಲಿಂದ ಮನುಷ್ಯರಲ್ಲ, ಯಂತ್ರ ಉತ್ತರಿಸಿತು: ನಿಮ್ಮ ದೂರು ನಮಗೆ ಅಮೂಲ್ಯ. ಮತ್ತೆ ಕೊಟ್ಟ. ಈ ಸಲ ಯಂತ್ರ ಪರಿಶೀಲನೆ ನಡೆಸಿ, ಈ ವಿಳಾಸದಲ್ಲಿರುವುದು ಔಷಧಿ ಅಂಗಡಿ, ಬೀಗದ ಅಂಗಡಿಯಲ್ಲ ಎಂದು ತೀರ್ಮಾನಿಸಿ, ಅವಳ ಹೆಸರಿನ ಕೆಳಗೆ ಕೆಂಪಕ್ಷರದಲ್ಲಿ 'ಶಾಶ್ವತವಾಗಿ ಮುಚ್ಚಿದೆ' ಎಂದು ಬರೆಯಿತು. ಅವಳು ಅಂಗಡಿಯಲ್ಲೇ ಕೂತು ಕೀಲಿ ಕೊರೆಯುತ್ತಿರುವಾಗಲೇ ತಮ್ಮ ಅದನ್ನು ತೋರಿಸಿದ. ಅವಳು ಕೈಯಲ್ಲಿದ್ದ ಕೀಲಿಯ ಪುಡಿ ಊದಿ, "ಬದುಕಿದೀನೋ ಇಲ್ವೋ ಅಂತ ನನ್ನನ್ನೇ ಒಂದು ಮಾತು ಕೇಳ್ಬೋದಿತ್ತು," ಎಂದಳು.

ಕರೆಗಳು ನಿಂತವು. ಬೀದಿಯವರು ಬರುತ್ತಿದ್ದರು ನಿಜ, ಆದರೆ ಬೀದಿಯವರ ಬೀಗ ದಿನಾ ಕೆಡುತ್ತದೆಯೇ? ತಮ್ಮನ ಸ್ಕೂಟರು ಮೆಟ್ಟಿಲಿಗೆ ಒರಗಿಕೊಂಡು ನಿಂತೇ ಇರತೊಡಗಿತು. ಕೊನೆಗೊಂದು ದಿನ ಅವನು ಹಸಿರು ಜಾಕೆಟ್ಟು ತೊಟ್ಟು ಕೆಳಗಿಳಿದ.

"ಮಕ್ಕಳಿದಾರೆ ಅಕ್ಕ."

"ನಾನೇನಂದೆ ಈಗ? ಹೋಗು. ಕಾಲರ್ ಸರಿ ಮಾಡ್ಕೊ," ಎಂದಳು ಅವಳು.

ಅದೇ ಹೊತ್ತಿಗೆ ಸಣ್ಣ ಅಂಗಡಿಗಳ ಸಂಘದ ಪರವಾಗಿ ಒಬ್ಬ ವಕೀಲೆ ಬಂದಳು. ವಯಸ್ಸು ನಲವತ್ತರ ಆಚೀಚೆ, ಹೆಗಲಿಗೆ ಭಾರದ ಚೀಲ, ಮಾತು ಮಾತ್ರ ಹಗುರ. ವ್ಯಾಪಾರದಲ್ಲಿ ಯಾರೂ ಯಾರ ಕತ್ತನ್ನೂ ಹಿಸುಕದ ಹಾಗೆ ನೋಡಿಕೊಳ್ಳಲು ಸರ್ಕಾರ ಪೈಪೋಟಿ ಆಯೋಗ ಎಂಬುದೊಂದನ್ನು ಇಟ್ಟಿದೆ, ಅಲ್ಲಿ ನಕ್ಷೆಯ ಕಂಪನಿಯ ಮೇಲೆ ದೂರು ಹೂಡುತ್ತೇವೆ, ದೂರುದಾರರಾಗಿ ಒಬ್ಬರ ಹೆಸರು ಬೇಕು ಎಂದಳು. ಹೂವಿನಂಗಡಿಯವನು, ನಲ್ಲಿ ರಿಪೇರಿಯವನು, ಟ್ಯಾಕ್ಸಿಯವನು, ಎಲ್ಲರೂ ಹಿಂದೆ ಸರಿದಿದ್ದರಂತೆ. ನಕ್ಷೆಯಲ್ಲಿ ಉಳಿದಿರುವ ಚೂರುಪಾರು ಜಾಗವೂ ಹೋದೀತು ಎಂಬ ಹೆದರಿಕೆ ಅವರಿಗೆ.

"ನನ್ನ ಹೆಸರು ಬರ್ಕೊಳ್ಳಿ," ಎಂದಳು ಬೀಗದಕ್ಕ. "ಮುಚ್ಚಿರೋ ಅಂಗಡಿಗೆ ಇನ್ನೇನು ಬೀಗ ಜಡೀತಾರೆ?"

ಹೀಗೆ ಬೀಗದಕ್ಕ ಒಂದು ಕಡೆ, ಅರ್ಧ ಭೂಮಿಯ ಮನೆಬಾಗಿಲು ಗೊತ್ತಿರುವ ಕಂಪನಿ ಇನ್ನೊಂದು ಕಡೆ ಆಯಿತು. ಪತ್ರಿಕೆಯಲ್ಲಿ ಅವಳ ಚಿತ್ರ ಬಂತು. ಬೀದಿಯವರು ಬೆನ್ನು ತಟ್ಟಿದರು. ಕೆಲವು ತಿಂಗಳು ಅವಳ ನಡಿಗೆಯೇ ಬೇರೆಯಾಗಿತ್ತು. ಬಂದ ಗಿರಾಕಿಗಳಿಗೆಲ್ಲ ಪೈಪೋಟಿ ಎಂದರೇನೆಂದು ಹೇಳಿಕೊಡುತ್ತಿದ್ದಳು. ನಾನೂ ನಂಬಿದ್ದೆ.

ವಿಚಾರಣೆ ಹತ್ತಿರ ಬಂದಾಗ ನಡೆದದ್ದನ್ನು ಈಗ ಹೇಳಬೇಕು.

ಎರಡು ಬೀದಿ ಆಚೆ ಒಬ್ಬ ಶಾಲಾ ಶಿಕ್ಷಕಿ ಇದ್ದಳು. ಕೈ ಮಾಡುವ ಗಂಡನನ್ನು ಮನೆಯಿಂದ ಹೊರಗೆ ಹಾಕಿ, ಬೀಗದಕ್ಕನ ಕೈಯಲ್ಲಿ ಬಾಗಿಲ ಬೀಗ ಬದಲಾಯಿಸಿಕೊಂಡಿದ್ದವಳು. ಒಂದು ಸಂಜೆ ಅವಳು ನನ್ನ ಅಂಗಡಿಗೆ ಬಂದಳು. ಎಡಗೈ ಪಟ್ಟಿಯಲ್ಲಿತ್ತು, ಕೆನ್ನೆ ಊದಿತ್ತು. ನೋವಿನ ಮಾತ್ರೆಯ ಚೀಟಿ ಮುಂದಿಟ್ಟಳು. ಬೀಗದಕ್ಕ ಪಕ್ಕದಿಂದ ಓಡಿಬಂದಳು.

"ನಾನು ಹಾಕಿದ ಬೀಗ ಒಡೆದ್ನಾ ಅವ್ನು?"

"ಒಡೀಲಿಲ್ಲ ಅಕ್ಕ. ಫೋನಲ್ಲಿ ಕರೆಸಿದಾನೆ. ಆ ಹಸಿರು ಜಾಕೆಟ್ಟಿನವರು ಬಂದು ತೆಗೆದುಕೊಟ್ಟಿದಾರೆ. ನಾನು ಸ್ಕೂಲಿಂದ ಬಂದ್ರೆ ಸೋಫಾ ಮೇಲೆ ಕೂತಿದ್ದ. ಶೂ ಕೂಡ ಬಿಚ್ಚಿರಲಿಲ್ಲ."

ಅಷ್ಟೇ ಹೇಳಿ ಮಾತ್ರೆ ತೆಗೆದುಕೊಂಡು ಅವಳು ಹೋದಳು. ಬೀಗದಕ್ಕ ನನ್ನ ಗಲ್ಲಾದ ಅಂಚು ಹಿಡಿದುಕೊಂಡು ನಿಂತೇ ಇದ್ದಳು. ಅಷ್ಟರಲ್ಲಿ ಮಗುವಿನ ಕೆಮ್ಮಿಗೆ ಔಷಧಿ ಕೇಳುತ್ತಾ ತಮ್ಮ ಬಂದ.

"ನೋಡೋ ನಿಮ್ಮ ಕಂಪನಿ ಮಾಡಿರೋ ಘನಂದಾರಿ ಕೆಲಸ," ಎಂದು ಅವಳು ಅವನ ಮೇಲೆ ಹರಿಹಾಯ್ದಳು. "ಟೀಚರ್ ಮನೆ ಬಾಗಿಲನ್ನ ಆ ಕಟುಕನಿಗೆ ತೆಗೆದುಕೊಟ್ಟಿದಾನೆ ಯಾವನೋ ನಿಮ್ಮವನು. ಕೈ ಮುರಿದಿದೆ ಅವಳದ್ದು."

ನಾನು ಕೊಟ್ಟ ಔಷಧಿಯ ಬಾಟಲಿ ಹಿಡಿದುಕೊಂಡು ತಮ್ಮ ಅವಳತ್ತ ತಿರುಗಿದ.

"ನೀಲಿ ಬಾಗಿಲಾ?" ಎಂದು ಕೇಳಿದ.

ಅವಳು ಹೌದೆಂದು ತಲೆಯಾಡಿಸಿದಳು.

"ಮುಂದೆ ತುಳಸಿ... ಅಲ್ಲ, ಯಾವುದೋ ಬಳ್ಳಿ ಇರೋ ಮನೆ? ಅಕ್ಕ, ಅವನು ಫೋಟೋ ತೋರಿಸಿದ. ಇಬ್ರೂ ಇರೋ ಫೋಟೋ. ಹೆಂಡ್ತಿ ಊರಲ್ಲಿಲ್ಲ, ಕೀಲಿ ಕಳೆದೋಗಿದೆ ಅಂದ."

"ಎದುರು ಮನೇಲಿ ಕೇಳ್ಬೇಕಿತ್ತು."

"ಕೇಳೋಕೆ ಟೈಮ್ ಎಲ್ಲಿ ಕೊಡುತ್ತೆ ಅದು? ಹೋಗಿ ನಿಂತ ಗಳಿಗೆಯಿಂದ ಗಡಿಯಾರ ಓಡುತ್ತೆ. ತಡ ಮಾಡಿದ್ರೆ ಚುಕ್ಕಿ ಹೋಗುತ್ತೆ, ಚುಕ್ಕಿ ಹೋದ್ರೆ ಕೆಲಸ ಕೊಡಲ್ಲ. ನಾನು... ನಂಗೆ ಗೊತ್ತಿರಲಿಲ್ಲ ಅಕ್ಕ ಅದು ನಿನ್ನ ಬೀಗ ಅಂತ."

ಅವನ ಕೈ ಬೆವರಿ ಬಾಟಲಿ ಜಾರಿ ಬಿತ್ತು. ಒಡೆಯಲಿಲ್ಲ. ಅವಳು ಬಗ್ಗಿ ಎತ್ತಿಕೊಟ್ಟಳು. "ಮಗೂಗೆ ಕೊಡು ಹೋಗು, ಕೆಮ್ತಾ ಇದೆ," ಎಂದಷ್ಟೇ ಹೇಳಿದಳು.

ಶಿಕ್ಷಕಿಯ ಸುದ್ದಿ ವಕೀಲೆಯ ಕಿವಿಗೂ ಬಿತ್ತು. ಅವಳು ಮರುದಿನವೇ ಹಾಜರಾದಳು. ಕಂಪನಿಯವರ ವಾದವೆಲ್ಲ ನಿಂತಿರುವುದು ಒಂದೇ ಮಾತಿನ ಮೇಲೆ: ಅಂಗಡಿಯವರಿಗೆ ಸಂಕಟವಾಗಿರಬಹುದು, ಆದರೆ ಗಿರಾಕಿಗೆ ಲಾಭವೇ ಆಗಿದೆ. ಬೇಗ ಬರುತ್ತಾರೆ, ಅಗ್ಗಕ್ಕೆ ಬರುತ್ತಾರೆ. ಅದನ್ನು ಮುರಿಯಲು ಇಂಥದ್ದೊಂದು ಘಟನೆ ಸಾಕು ಎಂದಳು. ಆದರೆ ಶಿಕ್ಷಕಿ ತನ್ನ ಹೆಸರು ಎಲ್ಲೂ ಬರಕೂಡದು ಎಂದು ಕೈಮುಗಿದು, ವಾರದೊಳಗೆ ಮನೆ ಖಾಲಿ ಮಾಡಿ ಎಲ್ಲಿಗೋ ಹೊರಟುಹೋದಳು. ಉಳಿದವಳು ಬೀಗದಕ್ಕ.

"ನೀವು ಕಂಡಿದ್ದನ್ನ ನೀವು ಹೇಳಿ ಸಾಕು," ಎಂದಳು ವಕೀಲೆ. "ಅವರ ಹೆಸರು ಬೇಡ. ಬಾಗಿಲು ತೆಗೆದವನು ಯಾರು ಅಂತ ಕಂಪನಿ ದಾಖಲೆಯಿಂದಲೇ ತರಿಸ್ತೀನಿ."

ಬೀಗದಕ್ಕ ನನ್ನ ಮುಖ ನೋಡಿದಳು. ನಾನು ಮಾತ್ರೆಯ ಡಬ್ಬಿ ಜೋಡಿಸತೊಡಗಿದೆ.

"ನೋಡೋಣ," ಎಂದಳು.

ವಿಚಾರಣೆಗೆ ಅವಳ ಜೊತೆ ನಾನೂ ಹೋಗಿದ್ದೆ. ಎತ್ತರದ ಕಟ್ಟಡ, ನೆಲ ಮುಖ ಕಾಣುವಷ್ಟು ನುಣುಪು. ಅವಳು ಬಿದ್ದುಬಿಟ್ಟೇನು ಎಂದು ನನ್ನ ತೋಳು ಹಿಡಿದು ನಡೆದಳು. ಕೋಣೆಯಲ್ಲಿ ಕಂಪನಿಯ ಕಡೆಯವರು ಎರಡು ಸಾಲು ತುಂಬ ಕೂತಿದ್ದರು. ನಮ್ಮ ಕಡೆ ವಕೀಲೆಯೊಬ್ಬಳೇ, ಪಕ್ಕದ ಕುರ್ಚಿಯಲ್ಲಿ ಅವಳ ಚೀಲ.

ಕಂಪನಿಯ ವಕೀಲ ಸಭ್ಯ ಮನುಷ್ಯ. ಒಂದು ಸಲವೂ ದನಿ ಎತ್ತಲಿಲ್ಲ. ನಕ್ಷೆಗೆ ಹಾಕಿದ ಮೇಲೆ ನಿಮ್ಮ ವ್ಯಾಪಾರ ಹೆಚ್ಚಿತ್ತೇ? ಹೆಚ್ಚಿತ್ತು. ಅದಕ್ಕೆ ಕಂಪನಿ ಏನಾದರೂ ಕೇಳಿತೇ? ಇಲ್ಲ. ಈಗ ಎಷ್ಟು ಕರೆಗಳು ತಪ್ಪಿಹೋದವು, ತೋರಿಸಬಲ್ಲಿರಾ?

"ಬಾರದೇ ಇರೋ ಕರೇನ ಹೇಗೆ ತೋರಿಸ್ಲಿ ಸ್ವಾಮಿ?"

ಯಾರೋ ನಕ್ಕರು. ವಕೀಲನೂ ನಕ್ಕ, ಕೆಟ್ಟದಾಗಿ ಅಲ್ಲ. ಆಮೇಲೆ ಕೇಳಿದ: "ನಮ್ಮ ಸೇವೆಯಿಂದ ಜನಕ್ಕೆ ಹಾನಿಯಾಗಿದೆ ಎಂದು ನಿಮ್ಮ ದೂರಿನಲ್ಲಿದೆ. ನಿಮಗೆ ಖುದ್ದಾಗಿ ಗೊತ್ತಿರುವ ಒಂದು ಉದಾಹರಣೆ ಹೇಳಿ. ಒಬ್ಬ ಗಿರಾಕಿ, ಒಂದು ಬಾಗಿಲು."

ನಮ್ಮ ವಕೀಲೆ ಮುಂದಕ್ಕೆ ಬಾಗಿದಳು. ಬೀಗದಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು, ಮತ್ತೆ ಸುತ್ತಿಕೊಂಡಳು. ಅವಳ ಬಾಯಿ ತೆರೆದದ್ದನ್ನು ನಾನು ನೋಡಿದೆ.

"ಗೊತ್ತಿಲ್ಲ," ಎಂದಳು.

"ಒಂದೂ ಗೊತ್ತಿಲ್ಲವೇ?"

"ಇಲ್ಲ."

ವಕೀಲ ಧನ್ಯವಾದ ಹೇಳಿ ಕೂತ. ನಮ್ಮ ವಕೀಲೆ ಪೆನ್ನಿನ ಮುಚ್ಚಳ ಹಾಕಿದಳು. ಬಸ್ಸಿನಲ್ಲಿ ವಾಪಸು ಬರುವಾಗ ಬೀಗದಕ್ಕ ಕಿಟಕಿಯಾಚೆ ನೋಡುತ್ತಾ, "ಹೇಳಿದ್ದಿದ್ರೆ ತಮ್ಮನಿಗೆ ಏನಾಗ್ತಿತ್ತು ಡಾಕ್ಟ್ರೇ? ಜೈಲಾ?" ಎಂದು ಕೇಳಿದಳು. ನನಗೂ ಗೊತ್ತಿರಲಿಲ್ಲ. "ಆಗಿದ್ರೂ ಆಗ್ತಿತ್ತೇನೋ," ಎಂದೆ. ಅವಳು ತಲೆಯಾಡಿಸಿದಳು.

ವರ್ಷ ಕಳೆದು ತೀರ್ಪು ಬಂತು. ಆಶ್ಚರ್ಯವೆಂದರೆ, ಗೆದ್ದಿದ್ದೆವು. ಕಂಪನಿಯವರು ತಮ್ಮತಮ್ಮಲ್ಲೇ ಬರೆದುಕೊಂಡಿದ್ದ ಮಾತುಗಳನ್ನು ಆಯೋಗ ಹೊರಗೆಳೆದಿತ್ತು. ಹಸಿರು ಪಟ್ಟಿಗೆ ಸೇರದವರನ್ನು ಬೇಕೆಂದೇ ಕೆಳಗೆ ತಳ್ಳಿದ್ದು ರುಜುವಾತಾಗಿತ್ತು. ಭಾರೀ ದಂಡ ಹಾಕಿದರು. ಆ ದಿನ ಬೀಗದಕ್ಕ ಬೀದಿಗೆಲ್ಲ ಸಿಹಿ ಹಂಚಿದಳು. ತಮ್ಮನೂ ಜಾಕೆಟ್ಟು ಬಿಚ್ಚಿಟ್ಟು ಬಂದು ಪೊಟ್ಟಣ ಹಿಡಿದು ತಿರುಗಿದ. ದಂಡ ಸೇರುವುದು ಸರ್ಕಾರದ ಖಜಾನೆಗೆ, ನಮಗಲ್ಲ ಎಂದು ವಕೀಲೆ ಮೆಲ್ಲಗೆ ಹೇಳಿದಾಗ, "ಬಿಡಮ್ಮ, ನಂಗೆ ನನ್ನ ಜಾಗ ಸಿಕ್ರೆ ಸಾಕು," ಎಂದಳು.

ಕಂಪನಿ ಮೇಲಿನ ಕೋರ್ಟಿಗೆ ಹೋಯಿತು. ತೀರ್ಪಿಗೆ ತಡೆ ಬಿತ್ತು. ಆಮೇಲಿನ ವರ್ಷಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಹೂವಿನಂಗಡಿ ಹೋಯಿತು. ನಲ್ಲಿಯವನು ಜಾಕೆಟ್ಟು ತೊಟ್ಟ. ಜನರ ಬಾಗಿಲುಗಳೇ ಬದಲಾದವು, ಹೊಸ ಕಟ್ಟಡಗಳಲ್ಲಿ ಕೀಲಿ ತೂರಿಸಲು ತೂತೇ ಇಲ್ಲ. ಬೀಗದಕ್ಕ ದಿನಾ ಬೆಳಿಗ್ಗೆ ಅಂಗಡಿ ತೆರೆದು, ಯಂತ್ರಕ್ಕೆ ಎಣ್ಣೆ ಬಿಟ್ಟು, ಕೂರುತ್ತಿದ್ದಳು. ನನ್ನ ಬಾಟಲಿಗಳು ನಡುಗುವುದು ಅಪರೂಪವಾಯಿತು.

ಕೊನೆಗೆ ಒಂದು ಮಧ್ಯಾಹ್ನ ವಕೀಲೆ ಬಂದಳು. ಅವಳ ಕೂದಲು ಮುಕ್ಕಾಲು ಬೆಳ್ಳಗಾಗಿತ್ತು. ನನ್ನ ಅಂಗಡಿಯ ಬೆಂಚಿನ ಮೇಲೆ ಕೂತಳು. ಬೀಗದಕ್ಕನೂ ತಮ್ಮನೂ ಅಲ್ಲೇ ಇದ್ದರು.

"ರಾಜಿ ಆಯ್ತು," ಎಂದಳು. "ತಪ್ಪು ಮಾಡಿದೀವಿ ಅಂತ ಕಂಪನಿ ಒಪ್ಪಿಕೊಳ್ಳಲ್ಲ. ದಂಡ ಇಲ್ಲ. ನಕ್ಷೆಯಲ್ಲಿ 'ಇತರ ಆಯ್ಕೆಗಳು' ಅಂತ ಒಂದು ಸಾಲು ಹಾಕ್ತಾರೆ, ಅಷ್ಟೇ. ಆಯೋಗದವರೇ ಒಪ್ಪಿಬಿಟ್ರು."

"ಗೆದ್ದಿದ್ವಲ್ಲ?"

"ಗೆದ್ದಿದ್ವಿ. ಆದ್ರೆ ಗಿರಾಕಿಗಳಿಗೆ ಹಾನಿಯಾಗಿದೆ ಅನ್ನೋಕೆ ಸಾಕ್ಷಿ ಏನೂ ಇಲ್ಲ, ಅದಿಲ್ಲದೆ ತೀರ್ಪು ನಿಲ್ಲಲ್ಲ ಅಂತ ಮೇಲಿನ ಕೋರ್ಟಿನವರು ಅಂದ್ರು. ಆಮೇಲೆ ಆಯೋಗಕ್ಕೂ ಧೈರ್ಯ ಉಳೀಲಿಲ್ಲ."

ನೆಲ ನೋಡುತ್ತಾ ತಮ್ಮ ನಿಂತಿದ್ದ. ಅವನ ಕಿವಿಗಳು ಕೆಂಪಾಗಿದ್ದವು. ಏನೋ ಹೇಳಲು ಹೋದ. "ಅಕ್ಕ, ಅವತ್ತು ನೀನು..."

"ಅವರಿಗೆ ನೀರು ತಂದುಕೊಡೋ, ಬಿಸಿಲಲ್ಲಿ ಬಂದಿದಾರೆ," ಎಂದು ಅವಳು ಅಲ್ಲಿಗೇ ಮಾತು ಕತ್ತರಿಸಿದಳು.

ನೀರು ಕುಡಿದು ವಕೀಲೆ ತನ್ನ ಫೋನಿನಲ್ಲೇ ಹುಡುಕಿ ತೋರಿಸಿದಳು. ಮೇಲೆ ಹಸಿರು ಪಟ್ಟಿ ಹಾಗೇ ಇತ್ತು. ಅದರ ಕೆಳಗೆ, ಅದಕ್ಕೂ ಕೆಳಗೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಆ ಸಾಲು. ಒತ್ತಿದರೆ ಕೆರೆಯ ಮಧ್ಯದ ಅಂಗಡಿ ಬಂತು, ಗೋಡೌನಿನ ಅಂಗಡಿ ಬಂತು, ಇನ್ನೂ ಯಾವ್ಯಾವುವೋ ಬಂದವು, ಕೊನೆಗೆ ಇವಳದು. ಹೆಸರಿನಲ್ಲಿ ಒಂದಕ್ಷರ ತಪ್ಪಾಗಿತ್ತು.

"ಬಂತಲ್ಲ," ಎಂದು ಬೀಗದಕ್ಕ ನಕ್ಕಳು. ವಕೀಲೆಗೆ ನಗಲಾಗಲಿಲ್ಲ. ಮೆಟ್ಟಿಲಿನ ತನಕ ಹೋದವಳು ತಿರುಗಿ ಬಂದು ಬೀಗದಕ್ಕನ ಎರಡೂ ಕೈ ಹಿಡಿದುಕೊಂಡಳು. ಅವಳನ್ನು ನಾವು ಮತ್ತೆ ನೋಡಲಿಲ್ಲ.

ಬೀಗದಕ್ಕ ಅಂಗಡಿ ಬಿಟ್ಟುಕೊಟ್ಟಳು. ಯಂತ್ರವನ್ನು ಗುಜರಿಯವನು ತಳ್ಳುಗಾಡಿಯಲ್ಲಿ ಒಯ್ದ. ಮೇಲಿನ ಕೋಣೆಯಲ್ಲಿ ಕೆಲವು ದಿನ ಸುಮ್ಮನೆ ಕೂತಳು, ತಮ್ಮನ ಹೆಂಡತಿಯ ಅಡುಗೆಯಲ್ಲಿ ಹುಳುಕು ಹುಡುಕಿದಳು, ಬೈಸಿಕೊಂಡಳು. ಆಮೇಲೆ ಒಂದು ಬೆಳಿಗ್ಗೆ ತಮ್ಮನನ್ನು ಕರೆದು, "ನಂದೂ ಹೆಸರು ಹಾಕು ಅದಕ್ಕೆ," ಎಂದಳು.

"ಯಾವುದಕ್ಕೆ?"

"ನಿಮ್ಮ ಜಾಕೆಟ್ಟಿಗೆ. ಬೇಡ ಅನ್ನುತ್ತೆ ನೋಡ್ತಿರು. ನನ್ನ ಹೆಸರು ಕೇಳಿದ್ರೇ ಉರಿದು ಬೀಳುತ್ತೆ ಆ ಕಂಪನಿ. ಅಷ್ಟು ವರ್ಷ ಕೋರ್ಟಿಗೆ ಎಳೆದಿದೀನಿ."

ನನ್ನ ಅಂಗಡಿಯ ಮುಂದೆಯೇ ನಿಂತು ಅವನು ಅವಳ ಹೆಸರು ಬರೆದ, ಕಸುಬು ಬರೆದ, ಮುಖದ ಫೋಟೋ ತೆಗೆದ. ಅವಳು ಫೋಟೋಗೆ ಗಂಭೀರವಾಗಿ, ಕಟಕಟೆಯಲ್ಲಿ ನಿಂತವಳ ಹಾಗೆ ನಿಂತಿದ್ದಳು. ಅವನು ಫೋನು ಒತ್ತಿದ. ಒಂದು ಚಕ್ರ ತಿರುಗಿತು. ಅದು ತಿರುಗುವುದನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು.

ಫೋನು ಸಣ್ಣಗೆ ಕಿಣಿಕಿಣಿಸಿತು. ನಮ್ಮ ಕುಟುಂಬಕ್ಕೆ ಸ್ವಾಗತ, ಎಂದು ಬಂತು. ಪಕ್ಕದಲ್ಲಿ ಬಣ್ಣಬಣ್ಣದ ಕಾಗದದ ಚೂರುಗಳು ಉದುರುವ ಚಿತ್ರ.

"ತಗೊಂಡುಬಿಡ್ತಾ?" ಎಂದು ಕೇಳಿದಳು.

"ತಗೊಂಡುಬಿಡ್ತು."

ಅವಳು ಬೆಂಚಿನ ಮೇಲೆ ಕುಸಿದು ಕೂತಳು. "ಗುರುತೇ ಇಲ್ಲ ಡಾಕ್ಟ್ರೇ ಅದಕ್ಕೆ. ನಾನು ಯಾರು ಅಂತಾನೇ ಗೊತ್ತಿಲ್ಲ," ಎಂದಳು. ಇಷ್ಟೆಲ್ಲ ವರ್ಷಗಳಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಅದೂ ಹೆಚ್ಚು ಹೊತ್ತಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಜಾಕೆಟ್ಟು ಯಾವ ಅಳತೆಯದು ಸಿಗುತ್ತದೆ ಎಂದು ವಿಚಾರಿಸಿದಳು.

ಈಗ ಅಕ್ಕ ತಮ್ಮ ಇಬ್ಬರೂ ಬೆಳಿಗ್ಗೆ ನನ್ನ ಅಂಗಡಿಯ ಬೆಂಚಿನ ಮೇಲೆ, ಅಂಗೈಯಲ್ಲಿ ಫೋನು ಹಿಡಿದು ಕೂರುತ್ತಾರೆ. ಅವನ ಚುಕ್ಕಿಗಳು ಹೆಚ್ಚು, ಹಾಗಾಗಿ ಕೆಲಸ ಮೊದಲು ಅವನಿಗೇ ಬರುತ್ತದೆ. ನಿನ್ನೆಯೂ ಅವನ ಫೋನೇ ಮೊದಲು ಕೂಗಿತು. "ಇದು ಹತ್ತಿರದ್ದೇ, ನೀನು ಹೋಗು ಅಕ್ಕ," ಎಂದ. ಒಬ್ಬರ ಫೋನಿಗೆ ಬಂದ ಕೆಲಸವನ್ನು ಇನ್ನೊಬ್ಬರಿಗೆ ಹಾಗೆ ಕೊಡಲು ಬರುವುದಿಲ್ಲ ಎಂದು ಅವನಿಗೂ ಗೊತ್ತು. ಅವಳು ಅವನ ಬೆನ್ನಿನ ಮೇಲಿನ ಧೂಳು ತಟ್ಟಿ, "ಹೊರಡು, ಗಡಿಯಾರ ಓಡ್ತಿದೆ," ಎಂದಳು. ಸ್ಕೂಟರು ತಿರುವಿನಲ್ಲಿ ಮರೆಯಾಯಿತು. ಅವಳು ಮಧ್ಯಾಹ್ನದವರೆಗೆ ಅಲ್ಲೇ ಕೂತಿದ್ದಳು.